ರ‍್ಯಾಮ್ ಬೆಲೆ ಮೂರು ಪಟ್ಟಾಗಿದೆ. ಇದು ಕಾರ್ಟೆಲ್ (ಕಂಪನಿಗಳು ಒಳಗೊಳಗೇ ಸೇರಿ ಬೆಲೆ ಆಡಿಸುವ ಕೂಟ) ಅನ್ನೋದಕ್ಕೆ ಸಾಕ್ಷಿ ಇದೆಯಾ? 2002ರ ಕೇಸು ಗೊತ್ತಿರುವವರು ಬನ್ನಿ

ತುಂಗಾ ತೀರ · ಭಾನುವಾರ ರಾತ್ರಿ 9.40

ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. 2001ರಲ್ಲಿ ಶುರು ಮಾಡಿದ್ದು. ಮೊನ್ನೆ ಒಬ್ಬ ಹುಡುಗ ಬಂದ. ಎಂಜಿನಿಯರಿಂಗ್ ಎರಡನೇ ವರ್ಷ, ಅಪ್ಪ ಅಡಿಕೆ ಕೊನೆ ತೆಗೆಯುತ್ತಾರೆ. ಲ್ಯಾಪ್‌ಟಾಪ್‌ಗೆ 16 ಜಿಬಿ ಹಾಕಿಸಬೇಕಿತ್ತು. ದಸರಾಕ್ಕೆ ಮೊದಲು ಬಂದು ರೇಟು ಕೇಳಿದ್ದ. ಹಳೇ ಬಿಲ್ಲಿನ ಹಿಂದೆ ನಾನೇ ಬರೆದುಕೊಟ್ಟಿದ್ದೆ. ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಜೋಪಾನ ಮಾಡಿದ್ದ. ಅಷ್ಟು ದುಡ್ಡು ಕೂಡಿಸಿಕೊಂಡು ಬಂದಿದ್ದ. ಈಗಿನ ಬೆಲೆ ಆ ಚೀಟಿಯ ಮೂರು ಪಟ್ಟಿಗಿಂತ ಜಾಸ್ತಿ. ಹೇಳೋಕೆ ನನಗೇ ಬಾಯಿ ಬರಲಿಲ್ಲ.

ಹೋಲ್‌ಸೇಲ್‌ನವರು ಈಗ ಕೋಟ್ ಕಳಿಸುವಾಗ ಕೆಳಗೆ 'ಸಂಜೆ ಆರರವರೆಗೆ ಮಾತ್ರ' ಎಂದು ಹಾಕುತ್ತಿದ್ದಾರೆ. ಇಪ್ಪತ್ತೈದು ವರ್ಷದಲ್ಲಿ ಹೀಗೆ ನೋಡಿದ್ದಿಲ್ಲ. ನಮ್ಮ ಅಂಗಡಿಯವರ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: 'ಮೂರೇ ಕಂಪನಿ, ಮೂವರೂ ಸೇರಿ ಆಡಿಸ್ತಿದ್ದಾರೆ.' ಮೂವರು ಅಂದರೆ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ (ಆಗಿನ ಹೈನಿಕ್ಸ್), ಮೈಕ್ರಾನ್. ಇರಬಹುದು. ಆದರೆ ಗುಂಪಿನಲ್ಲಿ ಹೇಳಿದ್ದೆಲ್ಲ ಸಾಕ್ಷಿಯಲ್ಲ, ಅಲ್ವಾ?

ಇದೇ ವ್ಯಾಪಾರದಲ್ಲಿ ಒಮ್ಮೆ ಇದು ನಿಜವಾಗಿಯೂ ನಡೆದಿದೆ. ಅದು ಪುಕಾರಲ್ಲ, ಕೋರ್ಟಿನಲ್ಲಿ ಒಪ್ಪಿಕೊಂಡ ಅಪರಾಧ. ಅದಕ್ಕೇ ಹಳೇ ಲೆಕ್ಕದ ಪುಸ್ತಕ ಹುಡುಕಿ ತೆಗೆದೆ. 2001ರ ಕೊನೆಯಲ್ಲಿ 128 ಎಂಬಿ ಸ್ಟಿಕ್ ನೆಲಕಚ್ಚಿತ್ತು. 2002ರ ಯುಗಾದಿ ಹೊತ್ತಿಗೆ ಅದೇ ಸ್ಟಿಕ್ಕಿನ ಮುಂದೆ ಎರಡು ಪಟ್ಟಿಗಿಂತ ಹೆಚ್ಚು ಬೆಲೆ ಬರೆದಿದ್ದೇನೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಗುರುತು. ಯಾಕೆ ಏರಿತು ಅಂತ ಆಗ ಗೊತ್ತಿರಲಿಲ್ಲ.

ಆಮೇಲೆ ತಿಳಿದಿದ್ದು ಇಷ್ಟು. 2002ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಡಿರ‍್ಯಾಮ್ ತಯಾರಕರಿಗೆ, ಅಂದರೆ ರ‍್ಯಾಮ್ ಸ್ಟಿಕ್ಕಿನ ಮೆಮೊರಿ ಚಿಪ್ಪು ಮಾಡುವವರಿಗೆ, ಸಮನ್ಸ್ ಕೊಟ್ಟಿತು. 1999ರಿಂದ 2002ರವರೆಗೆ ಈ ಕಂಪನಿಗಳ ಮಾರಾಟ ವಿಭಾಗದವರು ಫೋನಿನಲ್ಲಿ, ಮೀಟಿಂಗಿನಲ್ಲಿ ಮಾತಾಡಿಕೊಂಡು ಯಾವ ಗಿರಾಕಿಗೆ ಎಷ್ಟು ಹೇಳಬೇಕು ಎಂದು ಹೊಂದಿಸುತ್ತಿದ್ದರು. ಆ ಗಿರಾಕಿಗಳಾದರೂ ಯಾರು? ಡೆಲ್, ಕಾಂಪ್ಯಾಕ್, ಎಚ್‌ಪಿ, ಆಪಲ್, ಐಬಿಎಂ, ಗೇಟ್‌ವೇ. ಅಂಥವರಿಗೇ ಹೀಗಾದರೆ ನಮ್ಮಂಥವರ ಪಾಡೇನು!

2004ರಲ್ಲಿ ಇನ್ಫಿನಿಯನ್ ತಪ್ಪೊಪ್ಪಿಕೊಂಡಿತು. ದಂಡ 16 ಕೋಟಿ ಡಾಲರ್. 2005ರಲ್ಲಿ ಹೈನಿಕ್ಸ್, 18.5 ಕೋಟಿ. ಅದೇ ವರ್ಷ ಸ್ಯಾಮ್‌ಸಂಗ್, 30 ಕೋಟಿ. 2006ರಲ್ಲಿ ಎಲ್ಪಿಡಾ, 8.4 ಕೋಟಿ. ಇನ್ಫಿನಿಯನ್, ಹೈನಿಕ್ಸ್, ಸ್ಯಾಮ್‌ಸಂಗ್‌ನ ಹಲವು ಅಧಿಕಾರಿಗಳು ತಿಂಗಳುಗಟ್ಟಲೆ ಜೈಲಿನಲ್ಲಿ ಇದ್ದು ಬಂದರು. ಮೈಕ್ರಾನ್‌ಗೆ ಮಾತ್ರ ದಂಡವಿಲ್ಲ. ಯಾಕೆಂದರೆ ಅದು ಮೊದಲೇ ಹೋಗಿ ಒಳಗಿನ ವಿಷಯ ಹೇಳಿ ರಿಯಾಯಿತಿ ಪಡೆದಿತ್ತು.

ನನ್ನ ಪ್ರಶ್ನೆ ಇದು. ಆಗ ಸಿಕ್ಕಿಬಿದ್ದಿದ್ದು ಹೇಗೆ? ಈಗ ಅಂಥದ್ದೇನಾದರೂ ಕಾಣುತ್ತಿದೆಯಾ? ತಿಳಿದವರು ಬಿಡಿಸಿ ಹೇಳಿ.

ಎಸ್‌ಪಿ ರೋಡ್ ಗಿರಾಕಿ · ಭಾನುವಾರ ರಾತ್ರಿ 10.05

ಸಾಕ್ಷಿ ಯಾಕೆ ಬೇಕು ಸಾರ್? ಮೂರು ಕಂಪನಿ, ಮೂವರ ಬೆಲೆಯೂ ಒಂದೇ ವಾರದಲ್ಲಿ ಏರುತ್ತೆ. ಬೆಂಕಿಯಿಲ್ಲದೆ ಹೊಗೆಯಾಡಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನಿನ್ನೆ ಹತ್ತು ಅಂಗಡಿ ಸುತ್ತಿದೆ. ಹತ್ತರಲ್ಲೂ ಹೆಚ್ಚುಕಮ್ಮಿ ಒಂದೇ ರೇಟು.

ವೇಫರ್ · ಭಾನುವಾರ ರಾತ್ರಿ 11.20

ನಾನು ಬೆಂಗಳೂರಿನಲ್ಲಿ ಮೆಮೊರಿ ಕಂಟ್ರೋಲರ್ ವಿನ್ಯಾಸದ ಕೆಲಸ ಮಾಡುತ್ತೇನೆ. ರ‍್ಯಾಮ್ ತಯಾರಿಸುವ ಯಾವ ಕಂಪನಿಯಲ್ಲೂ ಅಲ್ಲ. ಗಿರಾಕಿ ಅವರೇ, ನಿಮ್ಮ ಹತ್ತು ಅಂಗಡಿಯವರು ಸೇರಿ ಮಾತಾಡಿಕೊಂಡಿದ್ದಾರೆ ಅಂತೀರಾ? ಇಲ್ಲ ಅಲ್ವಾ? ಎಲ್ಲರಿಗೂ ಮಾಲು ಬರೋದು ಅದೇ ನಾಲ್ಕೈದು ಕಡೆಯಿಂದ. ಪಕ್ಕದವನ ರೇಟು ಎಲ್ಲರಿಗೂ ಕಾಣುತ್ತೆ. ಮಾತಾಡದೆಯೂ ಬೆಲೆ ಒಂದೇ ಆಗುತ್ತೆ.

ಡಿರ‍್ಯಾಮ್‌ನಲ್ಲಿ ಇದು ಇನ್ನೂ ಜಾಸ್ತಿ. ಜೆಡೆಕ್ ಎಂಬ ಸಂಸ್ಥೆ ಗುಣಮಟ್ಟದ ನಿಯಮ ಬರೆದಿದೆ. ಈಗಿನ ಪೀಳಿಗೆಯ ರ‍್ಯಾಮ್ ಡಿಡಿಆರ್5 ಅಂದರೆ ಯಾರು ಮಾಡಿದರೂ ಅದೇ ಪಿನ್ನು, ಅದೇ ವೋಲ್ಟೇಜು. ಒಬ್ಬರದು ಕಿತ್ತು ಇನ್ನೊಬ್ಬರದು ಹಾಕಬಹುದು. ಅಕ್ಕಿ, ಸಕ್ಕರೆ ಇದ್ದಂಗೆ. ಅಂಥ ಸರಕಿನಲ್ಲಿ ಸ್ಪರ್ಧೆಯೆಲ್ಲ ಬೆಲೆಯ ಮೇಲೇ. ಅದಕ್ಕೇ ಬೆಲೆ ಬಿದ್ದರೆ ಪಾತಾಳಕ್ಕೆ, ಎದ್ದರೆ ಆಕಾಶಕ್ಕೆ. ಹೊಸ ಫ್ಯಾಕ್ಟರಿಗೆ ಸಾವಿರಾರು ಕೋಟಿ ಡಾಲರ್ ಬೇಕಾಗಬಹುದು. ಅದು ಓಡೋಕೆ ಎರಡು ಮೂರು ವರ್ಷ. ಇವತ್ತು ಬೇಡಿಕೆ ಬಂತು ಅಂತ ನಾಳೆ ಬೆಳೆ ತೆಗೆಯೋಕೆ ಆಗಲ್ಲ.

ಈ ಸಲದ ಕಾರಣ ಕಣ್ಣೆದುರಿಗೇ ಇದೆ. ಎಐ ಸರ್ವರ್‌ಗಳಿಗೆ ಎಚ್‌ಬಿಎಂ ಎಂಬ ಮೆಮೊರಿ ಬೇಕು. ಡಿರ‍್ಯಾಮ್ ಚಿಪ್ಪುಗಳನ್ನು ಒಂದರ ಮೇಲೊಂದು ದೋಸೆ ಪೇರಿಸಿದ ಹಾಗೆ ಪೇರಿಸಿ, ನಡುವೆ ಸಣ್ಣ ತೂತು ಕೊರೆದು ತಂತಿ ಎಳೆದಿರುತ್ತಾರೆ. ಅಷ್ಟೇ ಬಿಟ್‌ಗೆ ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ವೇಫರ್ (ಚಿಪ್ಪುಗಳನ್ನು ಕತ್ತರಿಸಿ ತೆಗೆಯುವ ಸಿಲಿಕಾನ್ ಬಿಲ್ಲೆ) ಬೇಕು ಎಂದು ಮೈಕ್ರಾನ್ ತಾನೇ ಹೇಳಿದೆ. 2025ರ ಅಕ್ಟೋಬರ್‌ನಲ್ಲಿ ಓಪನ್‌ಎಐ ಜೊತೆ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್ ಒಪ್ಪಂದದ ಪತ್ರಕ್ಕೆ ಸಹಿ ಹಾಕಿದವು. ಅದರಲ್ಲಿ ಇಟ್ಟ ಗುರಿ ತಿಂಗಳಿಗೆ 9 ಲಕ್ಷ ವೇಫರ್‌ವರೆಗೆ. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡ್‌ನ ಚಿಲ್ಲರೆ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು. ದೊಡ್ಡ ಊಟಕ್ಕೆ ಅಕ್ಕಿಯೆಲ್ಲ ಹೋದಮೇಲೆ ಚಿಲ್ಲರೆ ಅಂಗಡಿಯಲ್ಲಿ ರೇಟು ಏರದೆ ಇರುತ್ತಾ?

ತುಂಗಾ ತೀರ · ಸೋಮವಾರ ಬೆಳಗ್ಗೆ 7.15

ವೇಫರ್ ಅವರೇ, ಇದು ಉಪಯೋಗದ ಮಾತು. ಆದರೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಅಡಿಕೆ ಮಂಡಿ ನೋಡಿ ಬೆಳೆದವನು ನಾನು. ಟೆಂಡರ್ ಪೆಟ್ಟಿಗೆಗೆ ಚೀಟಿ ಹಾಕುವ ಮೊದಲು ನಾಲ್ಕು ಜನ ಖರೀದಿದಾರರು ಟೀ ಅಂಗಡಿಯಲ್ಲಿ ಕೂತರೆ ಅಪ್ಪ ಆ ಕಡೆಯೇ ನೋಡುತ್ತಿದ್ದರು. ಫಸಲು ಕಮ್ಮಿ, ಬೇಡಿಕೆ ಜಾಸ್ತಿ ಅನ್ನೋದು ನಿಜವೇ ಇರುತ್ತೆ. ಟೀ ಅಂಗಡಿಯ ಮಾತೂ ನಿಜವೇ ಇರುತ್ತೆ. ಎರಡೂ ಒಟ್ಟಿಗೆ ಇರಬಹುದು.

2002ರಲ್ಲೂ ನೆಪಗಳಿದ್ದವು. 1999ರಲ್ಲಿ ತೈವಾನ್ ಭೂಕಂಪ. ಆಮೇಲೆ ಡಾಟ್‌ಕಾಂ ಕುಸಿತ. ಎಲ್ಲವೂ ನಿಜ. ಅದರ ಒಳಗೇ ಕಳ್ಳ ಮಾತುಕತೆಯೂ ನಡೆದಿತ್ತು.

ಕಾನೂನು ಓದುಗಿ · ಸೋಮವಾರ ಮಧ್ಯಾಹ್ನ 1.30

ಧಾರವಾಡದಲ್ಲಿ ವಕೀಲಿ ಮಾಡುತ್ತೇನೆ. ಸ್ಪರ್ಧಾ ಕಾನೂನು ನನ್ನ ಇಷ್ಟದ ವಿಷಯ. ತುಂಗಾ ತೀರ ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ಆಗ ಸಿಕ್ಕಿಬಿದ್ದಿದ್ದು ಹೇಗೆ?

ಎರಡು ದಾರಿಯಿಂದ. ಒಂದು, ಕಾಗದ. ಒಂದು ಕಂಪನಿಯ ಒಳಗಿನ ಇಮೇಲ್ ಆಮೇಲೆ ಹೊರಬಂತು. 2001ರ ನವೆಂಬರ್‌ನದು. ನಾವು ಮೊದಲು ಬೆಲೆ ಏರಿಸಿದರೆ ಉಳಿದವರೂ ಏರಿಸುತ್ತಾರೆ, ಏರಿಸಿದ್ದನ್ನು ಬಿಡುವುದಿಲ್ಲ ಎನ್ನುವ ಅರ್ಥದ ಮಾತು ಅದರಲ್ಲಿತ್ತು. ಇದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿದ್ದು ಇನ್ನೊಂದು. ಮೈಕ್ರಾನ್‌ನ ಒಬ್ಬ ಪ್ರಾದೇಶಿಕ ಸೇಲ್ಸ್ ಮ್ಯಾನೇಜರ್ ಸ್ಪರ್ಧಿಗಳ ಬೆಲೆಯ ವಿವರವನ್ನು ಕೈಬರಹದಲ್ಲಿ ನೋಟ್‌ಬುಕ್‌ಗಳಲ್ಲಿ ಬರೆದಿಡುತ್ತಿದ್ದ. ಸಮನ್ಸ್ ಬಂದಮೇಲೆ ಆ ಪುಟಗಳನ್ನು ತಿದ್ದಿ, ಮುಚ್ಚಿಟ್ಟ. 2003ರ ಕೊನೆಯಲ್ಲಿ ನ್ಯಾಯಕ್ಕೆ ಅಡ್ಡಿ ಮಾಡಿದ ಅಪರಾಧ ಒಪ್ಪಿಕೊಂಡ. ಆ ಇಡೀ ತನಿಖೆಯಲ್ಲಿ ಬಂದ ಮೊದಲ ತಪ್ಪೊಪ್ಪಿಗೆ ಅದು.

ಎರಡು, ಒಳಗಿನವರ ಬಾಯಿ. ಅಮೆರಿಕದ ನಿಯಮ ಹೀಗಿದೆ: ಕೂಟದಲ್ಲಿ ಇದ್ದವರಲ್ಲಿ ಯಾರು ಮೊದಲು ಬಂದು ಎಲ್ಲ ಹೇಳುತ್ತಾರೋ ಅವರಿಗೆ ಪೂರ್ತಿ ಮಾಫಿ. ಎರಡನೆಯವರಿಗೆ ಅದು ಸಿಗಲ್ಲ. ಹಾಗಾಗಿ ಕೂಟದ ಪ್ರತಿಯೊಬ್ಬನಿಗೂ ಪಕ್ಕದವನು ನನಗಿಂತ ಮೊದಲು ಹೋಗಿಬಿಟ್ಟರೆ ಎಂಬ ಭಯ. ಮೈಕ್ರಾನ್ ಹೀಗೇ ಬಾಯಿಬಿಟ್ಟಿದ್ದು. ಯುರೋಪಿಯನ್ ಕಮಿಷನ್‌ಗೂ 2002ರಲ್ಲೇ ಹೇಳಿತು. 2010ರ ಮೇ 19ರಂದು ಅಲ್ಲಿ ತೀರ್ಪು ಬಂತು. ಉಳಿದ ಕಂಪನಿಗಳಿಗೆ ಒಟ್ಟು 33.1 ಕೋಟಿ ಯೂರೋ ದಂಡ. ಅದರಲ್ಲಿ ಸ್ಯಾಮ್‌ಸಂಗ್‌ದೇ 14.5 ಕೋಟಿಗಿಂತ ಹೆಚ್ಚು. ಮೈಕ್ರಾನ್‌ಗೆ ಸೊನ್ನೆ.

ಇಷ್ಟಿದ್ದರೂ ಎಲ್ಲ ಕೇಸೂ ಗೆಲ್ಲಲಿಲ್ಲ. ಹೈನಿಕ್ಸ್‌ನ ಅಮೆರಿಕ ಶಾಖೆಯ ಒಬ್ಬ ಅಧಿಕಾರಿ ತಪ್ಪೊಪ್ಪದೆ ವಿಚಾರಣೆಗೆ ನಿಂತ. 2008ರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕೇಸು ಬಿದ್ದುಹೋಯಿತು.

ಈಗ ಗಿರಾಕಿ ಅವರ ಮಾತಿಗೆ. 'ಸಾಕ್ಷಿ ಯಾಕೆ ಬೇಕು' ಅಂದರೆ, 2018ರ ಕತೆ ಕೇಳಿ. 2016ರಿಂದ 2018ರವರೆಗೂ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿತ್ತು. 2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರ ಪರವಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೇಲೆ ದಾವೆ ಬಿತ್ತು. ಮೂವರೂ ಮಾತಾಡಿಕೊಂಡು ಉತ್ಪಾದನೆ ಹಿಡಿದಿಟ್ಟಿದ್ದಾರೆ ಎಂದು ಆರೋಪ. 2020ರಲ್ಲಿ ಅದು ವಜಾ ಆಯಿತು. 2022ರ ಮಾರ್ಚ್‌ನಲ್ಲಿ ಒಂಬತ್ತನೇ ಸರ್ಕ್ಯೂಟ್‌ನ ಮೇಲ್ಮನವಿ ನ್ಯಾಯಾಲಯವೂ ವಜಾ ಸರಿ ಎಂದಿತು. ಮೂರೇ ಜನ ಇರುವ ಮಾರುಕಟ್ಟೆಯಲ್ಲಿ ಒಬ್ಬನನ್ನು ನೋಡಿ ಇನ್ನೊಬ್ಬ ಹೆಜ್ಜೆ ಇಡುವುದು ಸಹಜ. ಅದಕ್ಕೆ ಒಪ್ಪಂದ ಬೇಕಾಗಿಲ್ಲ. ಒಪ್ಪಂದವಿತ್ತು ಎಂದು ತೋರಿಸುವ ಬೇರೆ ಸಂಗತಿ ತನ್ನಿ. ಕೋರ್ಟಿನ ಮಾತಿನ ಸಾರ ಇಷ್ಟು.

ನನಗೆ ಇಲ್ಲೇ ಹೊಟ್ಟೆ ಉರಿಯೋದು. ಆ ಬೇರೆ ಸಂಗತಿ ಇರೋದು ಅವರ ಕಪಾಟಿನಲ್ಲಿ. ಅದನ್ನು ತೆರೆಸಬೇಕಾದರೆ ದಾವೆ ಮೊದಲ ಹಂತ ದಾಟಬೇಕು. ದಾಟಬೇಕಾದರೆ ಆ ಸಂಗತಿ ಮೊದಲೇ ಕೈಯಲ್ಲಿರಬೇಕು. ಸಾಮಾನ್ಯ ಗ್ರಾಹಕ ಇದನ್ನು ಎಲ್ಲಿಂದ ತರಬೇಕು? ಸರ್ಕಾರದ ತನಿಖಾ ಸಂಸ್ಥೆಗೆ ಮಾತ್ರ ಆ ಬಾಗಿಲು ಒಡೆಯುವ ಅಧಿಕಾರ ಇರೋದು. 2002ರಲ್ಲಿ ಒಡೆದಿದ್ದು ಅದೇ.

ಎಸ್‌ಪಿ ರೋಡ್ ಗಿರಾಕಿ · ಸೋಮವಾರ ಸಂಜೆ 6.50

ಮೇಡಂ, ಇಷ್ಟು ಗೊತ್ತಿರಲಿಲ್ಲ. ಆತುರಪಟ್ಟೆ. ಆದರೆ ಒಂದು ಅನುಮಾನ ಇನ್ನೂ ಇದೆ. ಆಗ ಸಿಕ್ಕಿಬಿದ್ದವರಿಗೆ ಈಗ ಇಮೇಲ್ ಬರೆಯಬಾರದು, ನೋಟ್‌ಬುಕ್ ಇಡಬಾರದು ಅಂತ ಬುದ್ಧಿ ಬಂದಿರುತ್ತೆ ಅಲ್ವಾ?

ವೇಫರ್ · ಸೋಮವಾರ ರಾತ್ರಿ 8.10

ಅವರಿಗೆ ಈಗ ಮಾತಾಡುವ ಅಗತ್ಯವೇ ಕಮ್ಮಿ. ನನಗೆ ಹೆಚ್ಚು ಚಿಂತೆ ಅದೇ. ಯುರೋಪಿನ ತೀರ್ಪಿನಲ್ಲಿದ್ದ ಹೆಸರು ಎಣಿಸಿ: ಮೈಕ್ರಾನ್, ಸ್ಯಾಮ್‌ಸಂಗ್, ಹೈನಿಕ್ಸ್, ಇನ್ಫಿನಿಯನ್, ಎನ್‌ಇಸಿ, ಹಿಟಾಚಿ, ಮಿತ್ಸುಬಿಷಿ, ತೋಷಿಬಾ, ಎಲ್ಪಿಡಾ, ನಾನ್ಯಾ. ಹತ್ತು ಹೆಸರು. ಈಗ ಇವರೆಲ್ಲ ಎಲ್ಲಿದ್ದಾರೆ?

ಎನ್‌ಇಸಿ, ಹಿಟಾಚಿ ತಮ್ಮ ಡಿರ‍್ಯಾಮ್ ವ್ಯವಹಾರ ಸೇರಿಸಿ ಎಲ್ಪಿಡಾ ಮಾಡಿದವು. ಮಿತ್ಸುಬಿಷಿಯದೂ ಕೊನೆಗೆ ಅದಕ್ಕೇ ಸೇರಿತು. ತೋಷಿಬಾ ಮಾಮೂಲಿ ಡಿರ‍್ಯಾಮ್ ಬಿಟ್ಟು ಅಮೆರಿಕದ ವರ್ಜೀನಿಯಾದ ಫ್ಯಾಕ್ಟರಿಯನ್ನು ಮೈಕ್ರಾನ್‌ಗೆ ಮಾರಿತು. ಇನ್ಫಿನಿಯನ್ ತನ್ನ ಮೆಮೊರಿ ವಿಭಾಗವನ್ನು 2006ರಲ್ಲಿ ಕಿಮೊಂಡಾ ಎಂದು ಬೇರೆ ಮಾಡಿತು. 2009ರ ಜನವರಿಯಲ್ಲಿ ಕಿಮೊಂಡಾ ದಿವಾಳಿ. 2012ರ ಫೆಬ್ರುವರಿಯಲ್ಲಿ ಎಲ್ಪಿಡಾ ದಿವಾಳಿ, ಮರುವರ್ಷ ಅದನ್ನೂ ಮೈಕ್ರಾನ್ ಕೊಂಡಿತು. ತೈವಾನಿನ ನಾನ್ಯಾ ಇದೆ, ಆದರೆ ಸಣ್ಣದು. ಚೀನಾದ ಸಿಎಕ್ಸ್‌ಎಂಟಿ ಈಗ ಬೆಳೆಯುತ್ತಿದೆ. ಉಳಿದ ದೊಡ್ಡವರು ಮೂವರೇ. ಹತ್ತು ಜನ ಇದ್ದಾಗ ಬೆಲೆ ಹಿಡಿದಿಡೋಕೆ ಫೋನ್ ಮಾಡಬೇಕಿತ್ತು. ಯಾರೋ ಒಬ್ಬ ಮಾತು ತಪ್ಪಿ ಅಗ್ಗಕ್ಕೆ ಮಾರಿಬಿಡುತ್ತಿದ್ದ. ಮೂವರಿದ್ದಾಗ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತೆ.

ನ್ಯಾಯವಾಗಿ ಇನ್ನೊಂದು ಹೇಳಬೇಕು. 2023ರಲ್ಲಿ ಇದೇ ಕಂಪನಿಗಳ ಮೆಮೊರಿ ವ್ಯವಹಾರ ಭಾರೀ ನಷ್ಟದಲ್ಲಿತ್ತು. ಆಗ ನಾವೆಲ್ಲ ಖುಷಿಯಿಂದ ಅಗ್ಗದ ರ‍್ಯಾಮ್ ಕೊಂಡೆವು. ಬಲವಾದ ಕೂಟ ಇದ್ದಿದ್ದರೆ ಆ ನಷ್ಟ ಆಗುತ್ತಿರಲಿಲ್ಲ ಅನ್ನೋದು ನನ್ನ ಅನಿಸಿಕೆ.

ಸಾನ್ ಹೊಸೆ ಕನ್ನಡಿಗ · ಮಂಗಳವಾರ ಬೆಳಗ್ಗೆ 6.25

ತಡವಾಗಿ ಬಂದೆ. ನಾನು 2000ದಲ್ಲಿ ಮೈಸೂರಿನಿಂದ ಇಲ್ಲಿಗೆ ಬಂದವನು. ಆ ಕೇಸಿನ ಪರಿಹಾರಕ್ಕೆ ಅರ್ಜಿ ಹಾಕಿದವರಲ್ಲಿ ನಾನೂ ಒಬ್ಬ, ಅದಕ್ಕೇ ಬರೆಯುತ್ತಿದ್ದೇನೆ.

ಸರ್ಕಾರಕ್ಕೆ ಹೋದ ದಂಡ ಬೇರೆ. ಗ್ರಾಹಕರ ಪರವಾಗಿ ರಾಜ್ಯಗಳ ಅಟಾರ್ನಿ ಜನರಲ್‌ಗಳೂ ಖಾಸಗಿ ವಕೀಲರೂ ನಡೆಸಿದ ದಾವೆಗಳಲ್ಲಿ ಒಟ್ಟು 31 ಕೋಟಿ ಡಾಲರ್‌ಗೆ ರಾಜಿಯಾಯಿತು. 1998ರಿಂದ 2002ರ ನಡುವೆ ಡಿರ‍್ಯಾಮ್ ಇರುವ ಕಂಪ್ಯೂಟರ್, ಪ್ರಿಂಟರ್, ಗೇಮ್ ಕನ್ಸೋಲ್ ಏನು ಕೊಂಡಿದ್ದರೂ ಅರ್ಜಿ ಹಾಕಬಹುದಿತ್ತು. ಕೊನೇ ದಿನ 2014ರ ಆಗಸ್ಟ್ 1. ಕೊಂಡು ಹನ್ನೆರಡು ವರ್ಷಕ್ಕಿಂತ ಜಾಸ್ತಿಯಾದ ಮೇಲೆ! ರಸೀದಿ ಕೇಳಲಿಲ್ಲ. ಕನಿಷ್ಠ 10 ಡಾಲರ್ ಅಂತ ಪ್ರಕಟಣೆಯಲ್ಲಿ ಇತ್ತು.

ಅಡುಗೆಮನೆ ಮೇಜಿನ ಮೇಲೆ ಕೂತು ಹೆಂಡತಿಯೂ ನಾನೂ ನೆನಪು ಮಾಡಿಕೊಂಡು ಬರೆದೆವು. ಮೊದಲ ಸಂಬಳದಲ್ಲಿ ಕೊಂಡ ಡೆಸ್ಕ್‌ಟಾಪ್ ಒಂದು. ಅದರಲ್ಲೇ ಅಮ್ಮನಿಗೆ ಮೊದಲ ಇಮೇಲ್ ಕಳಿಸಿದ್ದು. ಅಣ್ಣ ಸೈಬರ್ ಸೆಂಟರ್‌ಗೆ ಹೋಗಿ ಪ್ರಿಂಟ್ ತೆಗೆದು ಅಮ್ಮನಿಗೆ ಓದಿ ಹೇಳುತ್ತಿದ್ದ. ದುಡ್ಡು ಸಣ್ಣದು. ಆದರೆ ಚೆಕ್ ಬಂದ ದಿನ, ಆಗ ಆಗಿದ್ದು ತಪ್ಪು ಅಂತ ಯಾರೋ ಒಪ್ಪಿಕೊಂಡರು ಎನ್ನುವ ಸಮಾಧಾನ ಆಯ್ತು. ಇಂಡಿಯಾದಲ್ಲಿ ಕೊಂಡವರಿಗೂ ಹೀಗೇನಾದರೂ ಇತ್ತಾ?

ಕಾನೂನು ಓದುಗಿ · ಮಂಗಳವಾರ ಮಧ್ಯಾಹ್ನ 2.05

ಇರಲಿಲ್ಲ. ಬೇಜಾರಿನ ಕತೆ ಅದು. ಆಗ ನಮ್ಮಲ್ಲಿದ್ದಿದ್ದು 1969ರ ಎಂಆರ್‌ಟಿಪಿ ಕಾಯ್ದೆ, ಅಂದರೆ ಏಕಸ್ವಾಮ್ಯ ತಡೆಯುವ ಹಳೇ ಕಾನೂನು. 2002ರಲ್ಲೇ ಸುಪ್ರೀಂ ಕೋರ್ಟ್ ಸೋಡಾ ಆಶ್, ಫ್ಲೋಟ್ ಗ್ಲಾಸ್ ಆಮದಿನ ಪ್ರಕರಣದಲ್ಲಿ ಆ ಕಾಯ್ದೆಗೆ ದೇಶದ ಗಡಿಯಾಚೆ ಕೈ ಚಾಚುವ ಶಕ್ತಿ ಇಲ್ಲ ಎಂದಿತು. ಸೋಲ್, ಟೋಕಿಯೊ, ಕ್ಯಾಲಿಫೋರ್ನಿಯಾದಲ್ಲಿ ಕೂತು ಮಾಡಿದ ಒಳಒಪ್ಪಂದವನ್ನು ನಾವು ಇಲ್ಲಿಂದ ಹಿಡಿಯುವುದು ಹೇಗೆ? ತುಂಗಾ ತೀರ ಅವರ ಪುಸ್ತಕದ ಆ ಪೆನ್ಸಿಲ್ ಗುರುತಿಗೆ ಇಲ್ಲಿ ಯಾರೂ ಉತ್ತರ ಕೊಡುವ ಸ್ಥಿತಿಯಲ್ಲಿ ಇರಲಿಲ್ಲ.

ಈಗ ಹಾಗಿಲ್ಲ. 2002ರ ಸ್ಪರ್ಧಾ ಕಾಯ್ದೆಯ ಕಾರ್ಟೆಲ್ ಕಲಮುಗಳು 2009ರ ಮೇ 20ರಿಂದ ಜಾರಿಯಲ್ಲಿವೆ. 32ನೇ ಕಲಮು ಓದಿ. ಒಪ್ಪಂದ ದೇಶದ ಹೊರಗೆ ಆಗಿದ್ದರೂ ಅದರ ಪೆಟ್ಟು ಇಲ್ಲಿನ ಮಾರುಕಟ್ಟೆಗೆ ಬಿದ್ದರೆ ಸಿಸಿಐ (ಭಾರತದ ಸ್ಪರ್ಧಾ ಆಯೋಗ) ತನಿಖೆ ಮಾಡಬಹುದು. ದಂಡವೂ ಸಣ್ಣದಲ್ಲ. ಕೂಟ ನಡೆದ ಪ್ರತಿ ವರ್ಷಕ್ಕೆ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇಕಡಾ 10, ಯಾವುದು ಹೆಚ್ಚೋ ಅಲ್ಲಿವರೆಗೆ. ಮೊದಲು ಬಾಯಿಬಿಟ್ಟವರಿಗೆ ರಿಯಾಯಿತಿ ನಮ್ಮಲ್ಲೂ ಇದೆ. ಆದರೆ ಅಮೆರಿಕದ ಹಾಗೆ ಕಾರ್ಟೆಲ್ ಮಾಡಿದ್ದಕ್ಕೆ ಜೈಲಿಲ್ಲ. ನನ್ನ ಪ್ರಕಾರ ಅದು ದೊಡ್ಡ ಕೊರತೆ. ಕಂಪನಿ ದಂಡ ಕಟ್ಟುತ್ತೆ, ಮಾತಾಡಿಕೊಂಡ ಮನುಷ್ಯ ರಾತ್ರಿ ಮನೆಯಲ್ಲೇ ಮಲಗುತ್ತಾನೆ. 2004ರಿಂದ ಆ ಅಧಿಕಾರಿಗಳು ಒಬ್ಬರ ಹಿಂದೆ ಒಬ್ಬರು ಒಪ್ಪಿಕೊಂಡಿದ್ದು ಜೈಲಿನ ಭಯದಿಂದ.

ಸಿಸಿಐಗೆ ಯಾರು ಬೇಕಾದರೂ ಮಾಹಿತಿ ಸಲ್ಲಿಸಬಹುದು. ಅಂಗಡಿಯವರ ಸಂಘವೂ ಸಲ್ಲಿಸಬಹುದು. 2023ರ ತಿದ್ದುಪಡಿಯ ನಂತರ ಮೂರು ವರ್ಷದ ಗಡುವು ಇದೆ. ಆದರೆ 'ಬೆಲೆ ಏರಿದೆ' ಅಂತ ಒಂದು ಹಾಳೆ ಬರೆದು ಕಳಿಸಿದರೆ ಮೊದಲ ಹಂತದಲ್ಲೇ ಮುಚ್ಚಿಬಿಡಬಹುದು. ಕೋಟ್‌ಗಳು, ತಾರೀಕು, ಮಾಲು ಇದ್ದೂ ಇಲ್ಲ ಅಂದಿದ್ದು, ಇಂಥವೆಲ್ಲ ಕೂಡಿಡಿ. ತಯಾರಕರದೇ ಎನ್ನಬೇಡಿ. ನಡುವಿನ ವಿತರಕರು ಏನು ಮಾಡುತ್ತಿದ್ದಾರೆ ಅನ್ನೋದೂ ಅದರಲ್ಲಿ ಕಾಣುತ್ತೆ.

ತುಂಗಾ ತೀರ · ಮಂಗಳವಾರ ರಾತ್ರಿ 9.55

ಮೇಡಂ, ಇವತ್ತೇ ಶುರು ಮಾಡಿದೆ. ಆಗಸ್ಟ್‌ನಿಂದ ಬಂದ ಕೋಟ್‌ಗಳನ್ನೆಲ್ಲ ಫೋನಿನಿಂದ ತೆಗೆದು ತಾರೀಕಿನ ಪ್ರಕಾರ ಬರೆದೆ. ನಲವತ್ತೊಂದು ಆದವು. ಒಂದೇ ದಿನದ ಬೆಳಗ್ಗೆಯ ಕೋಟಿಗೂ ಸಂಜೆಯ ಕೋಟಿಗೂ ವ್ಯತ್ಯಾಸ ಇರುವುದು ಆರು ಸಿಕ್ಕವು. ಅದರಿಂದ ಏನು ಸಾಬೀತಾಗುತ್ತೋ ಗೊತ್ತಿಲ್ಲ. ನಮ್ಮ ಗುಂಪಿನ ಉಳಿದ ಅಂಗಡಿಯವರಿಗೂ ಹಾಗೇ ಬರೆದಿಡಲು ಹೇಳಿದ್ದೇನೆ. ಹನ್ನೊಂದು ಜನ ಒಪ್ಪಿದ್ದಾರೆ.

ಲ್ಯಾಬ್ ಮೇಷ್ಟ್ರು · ಬುಧವಾರ ಬೆಳಗ್ಗೆ 8.30

ಎಲ್ಲ ಓದಿದೆ. ನನ್ನ ಕಷ್ಟ ಸಣ್ಣದು. ಹೊಸನಗರ ತಾಲೂಕಿನ ಸರ್ಕಾರಿ ಪ್ರೌಢಶಾಲೆ. ಲ್ಯಾಬಿನಲ್ಲಿ ಹನ್ನೆರಡು ಹಳೇ ಡೆಸ್ಕ್‌ಟಾಪ್, ಎಲ್ಲ 2 ಜಿಬಿ. ಬ್ರೌಸರ್ ತೆರೆದು ಮಕ್ಕಳು ಕೈಕಟ್ಟಿ ಕೂರುತ್ತಾರೆ. ಹಳೇ ವಿದ್ಯಾರ್ಥಿಗಳು ಹೊಸ ಕಂಪ್ಯೂಟರ್‌ಗೆ ಅಂತ ದುಡ್ಡು ಕೂಡಿಸಿದ್ದರು. ಈಗಿನ ಬೆಲೆಗೆ ಆರು ಬರೋ ಕಡೆ ನಾಲ್ಕೂ ಬರಲ್ಲ. ಕಾಯಬೇಕಾ, ಕೊಳ್ಳಬೇಕಾ?

ವೇಫರ್ · ಬುಧವಾರ ಬೆಳಗ್ಗೆ 9.10

ಮೇಷ್ಟ್ರೇ, ಹೊಸದು ಈಗ ಬೇಡ. ಹೊಸ ಫ್ಯಾಕ್ಟರಿಗಳು ಓಡುವವರೆಗೆ ಬೆಲೆ ಇಳಿಯುವುದು ಕಷ್ಟ ಅನಿಸುತ್ತೆ. ನಿಮ್ಮವು ಹಳೇ ಯಂತ್ರ ಅಂದರೆ ಡಿಡಿಆರ್3 ಇರಬೇಕು. ಅದಕ್ಕೂ ಎಐ ಸರ್ವರ್‌ಗೂ ಸಂಬಂಧವಿಲ್ಲ. ಕಳಚಿದ ಹಳೇ ಸ್ಟಿಕ್ ಸಿಗುತ್ತವೆ. ಮೊದಲು ಒಂದರ ಕವರ್ ಬಿಚ್ಚಿ ಖಾಲಿ ಸ್ಲಾಟ್ ಇದೆಯಾ ನೋಡಿ.

ಲ್ಯಾಬ್ ಮೇಷ್ಟ್ರು · ಬುಧವಾರ ಸಂಜೆ 5.20

ಬಿಚ್ಚಿದೆ. ಎರಡು ಸ್ಲಾಟ್. ಒಂದು ಖಾಲಿ, ಪೂರ್ತಿ ಧೂಳು. ಸ್ಟಿಕ್ಕಿನ ಮೇಲೆ ಪಿಸಿ3 ಅಂತ ಇದೆ.

ತುಂಗಾ ತೀರ · ಬುಧವಾರ ಸಂಜೆ 6.00

ಪಿಸಿ3 ಅಂದರೆ ಡಿಡಿಆರ್3ಯೇ. ಹಳೇ ಯಂತ್ರಗಳಿಂದ ಕಳಚಿದ ಸ್ಟಿಕ್ಕು ನನ್ನ ಹತ್ತಿರ ಒಂದು ಬಿಸ್ಕತ್ ಡಬ್ಬಿ ತುಂಬ ಇವೆ. ಸುಮ್ನೆ ಬಿದ್ದಿವೆ. ಶನಿವಾರ ಮಧ್ಯಾಹ್ನ ನಾನೇ ಬರುತ್ತೇನೆ. ಬಂಗಾರದ ಬಣ್ಣದ ಪಟ್ಟಿ ಉಜ್ಜೋಕೆ ಮಕ್ಕಳ ಹತ್ತಿರ ಒಳ್ಳೇ ಪೆನ್ಸಿಲ್ ರಬ್ಬರ್ ತರಿಸಿಡಿ. ಸ್ಲಾಟ್‌ನ ಧೂಳಿಗೆ ಒಂದು ಮೆತ್ತನೆ ಬ್ರಷ್ ಸಾಕು. ಆ ಎಂಜಿನಿಯರಿಂಗ್ ಹುಡುಗನೂ ಬರುತ್ತೇನೆ ಅಂದಿದ್ದಾನೆ. ಅವನ ಲ್ಯಾಪ್‌ಟಾಪ್‌ಗೆ ಎಂಟು ಜಿಬಿಯ ಹಳೇದೊಂದು ಹೊಂದಿಸಿಕೊಟ್ಟೆ.